ಕೆಲಸಕ್ಕೆ ಜನ ಸಿಗುವ ಮನೆ, ಸಿಗದ ಮನೆ

ಮೇ ತಿಂಗಳು ಅರ್ಧ ಕಳೆಯಿತೆಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಬೆಳೆಗಾರರು ಎಲ್ಲಿ ಎದುರಾದರೂ ಕೇಳುವ ಪ್ರಶ್ನೆ ಒಂದೇ. ಮದ್ದು ಬಿಡಲು ಜನ ಸಿಕ್ಕಿದರೇ? ಮಳೆ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಪ್ರತಿ ಗೊನೆಗೂ ತಾಗಬೇಕು. ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸುತ್ತು ಆಗಬೇಕು. ತಪ್ಪಿದರೆ ಕೊಳೆರೋಗ ಬಂದು ಎಳೆಗಾಯಿಗಳು ಮರದ ಬುಡದಲ್ಲಿ ಹಾಸಿದಂತೆ ಬೀಳುತ್ತವೆ, ವರ್ಷದ ಬೆಳೆ ಕಣ್ಣೆದುರೇ ಮಣ್ಣುಪಾಲಾಗುತ್ತದೆ. ಮರ ಏರಬಲ್ಲವರು ಊರಿಗೆ ನಾಲ್ಕೈದು ಮಂದಿ. ಆ ದಿನಗಳಲ್ಲಿ ಅವರ ಮೊಬೈಲ್ ಬಿಡುವಿಲ್ಲದೆ ರಿಂಗಾಗುತ್ತದೆ. ಯಾರ ಕರೆಗೆ ಮೊದಲು ಓಗೊಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ನಮ್ಮ ನೆರೆಯಲ್ಲಿ ಎರಡು ತೋಟಗಳಿವೆ, ನಡುವೆ ಒಂದು ತೋಡು. ಎರಡೂ ಕಡೆ ಕೂಲಿ ಒಂದೇ. ಆದರೂ ತೋಡಿನ ಈಚೆಗೆ ಪ್ರತಿವರ್ಷ ಸರಿಯಾದ ಹೊತ್ತಿಗೆ ಜನ ಬರುತ್ತಾರೆ, ಆಚೆಯವರು ಜೂನ್ ಹತ್ತಾದರೂ ಫೋನು ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಈಚೆ ಮನೆಯಲ್ಲಿ ಬೆಳಿಗ್ಗೆ ಜನ ಬರುವಾಗ ಸುಣ್ಣ ಸೋಸಿ ಡ್ರಮ್ಮು ತುಂಬಿರುತ್ತದೆ. ಹತ್ತು ಗಂಟೆಗೆ ಮನೆಯವರು ಕುಳಿತ ಜಗಲಿಯಲ್ಲೇ ಅವರಿಗೂ ತಿಂಡಿ. ಹನ್ನೊಂದಕ್ಕೆ ಮಳೆ ಬಂದು ಕೆಲಸ ನಿಂತರೂ ಸಂಜೆ ಕೈಗೆ ಬರುವುದು ಪೂರ್ತಿ ದಿನದ ಕೂಲಿ. ಹಿಂದೊಮ್ಮೆ ಒಬ್ಬರು ಮರದಿಂದ ಜಾರಿ ಕಾಲು ಮುರಿದುಕೊಂಡಾಗ ಆಸ್ಪತ್ರೆಯ ಖರ್ಚಿನ ಜೊತೆಗೆ ಮೂರು ತಿಂಗಳ ಅಕ್ಕಿಯೂ ಅವರ ಮನೆಗೆ ಹೋಯಿತು. ಆಚೆ ಮನೆಯಲ್ಲಿ "ನಾಳೆ ಬಾ, ಕೊಡುತ್ತೇನೆ" ಎಂಬ ಮಾತು. ನೀರು ಕೇಳಿದರೆ ಅಂಗಳದ ಅಂಚಿನಲ್ಲಿ ನಿಲ್ಲಿಸಿ ಕೈಗೆ ಎತ್ತಿ ಹೊಯ್ಯುವ ಚೆಂಬು. ಇದನ್ನೆಲ್ಲ ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಮರ ಏರುವ ಪ್ರತಿಯೊಬ್ಬರಿಗೂ ಗೊತ್ತು, ಅವರ ಮಕ್ಕಳಿಗೂ ಗೊತ್ತು.

ಆಡಳಿತ ಶಾಸ್ತ್ರದವರು ಎಂಪ್ಲಾಯರ್ ಬ್ರ್ಯಾಂಡ್ ಎಂದು ಕರೆಯುವುದು ಇದನ್ನೇ. ಕೆಲಸ ಕೊಡುವವರಿಗೆ ಕೆಲಸ ಮಾಡುವವರ ನಡುವೆ ಇರುವ ಹೆಸರು. ನಾನು ಈ ಸುತ್ತಿನ ಸಣ್ಣ ಸಂಸ್ಥೆಗಳಿಗೆ ಲೆಕ್ಕ ಬರೆಯುವವಳು. ಬಟ್ಟೆ ಅಂಗಡಿ, ಹಾಳೆತಟ್ಟೆಯ ಘಟಕ, ಮುದ್ರಣಾಲಯ, ಒಂದೆರಡು ಕ್ಲಿನಿಕ್. ಇತ್ತೀಚೆಗೆ ಇವರೆಲ್ಲರ ದೊಡ್ಡ ದೂರು "ಜನ ಸಿಗುವುದಿಲ್ಲ, ಸಿಕ್ಕಿದರೂ ನಿಲ್ಲುವುದಿಲ್ಲ" ಎಂಬುದು. ಅದಕ್ಕೆ ಪರಿಹಾರವಾಗಿ ಯಾರೋ ಈ ಬ್ರ್ಯಾಂಡಿನ ಮಾತು ಹೇಳುತ್ತಾರೆ. ಕೂಡಲೇ ಒಂದು ಬಣ್ಣದ ಪೋಸ್ಟರು, ಫೇಸ್‌ಬುಕ್ಕಿನಲ್ಲಿ ನಗುಮುಖದ ಸಿಬ್ಬಂದಿಯ ಫೋಟೊ, "ನಮ್ಮದು ಒಂದೇ ಕುಟುಂಬ" ಎಂಬ ಸಾಲು ತಯಾರಾಗುತ್ತದೆ. ಆರು ತಿಂಗಳ ನಂತರ ದೂರು ಮೊದಲಿನಂತೆಯೇ ಇರುತ್ತದೆ. ಪೋಸ್ಟರಿನ ಹಣ ನನ್ನ ಪುಸ್ತಕದಲ್ಲಿ ಖರ್ಚಿನ ಕಡೆ ಸೇರಿರುತ್ತದೆ. ಹಾಗಾಗಿ ಈ ಪದದ ಒಳಗೆ ಏನಿದೆ ಎಂಬುದನ್ನು ಬಿಡಿಸಿ ಹೇಳಬೇಕೆನಿಸಿತು.

ಈ ಪದವನ್ನು ಮೊದಲು ವಿವರವಾಗಿ ವ್ಯಾಖ್ಯಾನಿಸಿದವರು ಬ್ರಿಟನ್ನಿನ ಟಿಮ್ ಆಂಬ್ಲರ್ ಮತ್ತು ಸೈಮನ್ ಬ್ಯಾರೋ, 1996ರ ಒಂದು ಪ್ರಬಂಧದಲ್ಲಿ. ಸಾಬೂನು, ಬಿಸ್ಕತ್ತು ಮಾರುವವರು ಗಿರಾಕಿಯ ಮನಸ್ಸನ್ನು ಇಷ್ಟು ಶ್ರದ್ಧೆಯಿಂದ ಓದುತ್ತಾರಲ್ಲ, ಅದೇ ಶ್ರದ್ಧೆಯನ್ನು ಕೆಲಸಗಾರರ ಕಡೆಗೂ ತೋರಿಸಿದರೆ ಹೇಗೆ ಎಂಬುದು ಅವರ ವಿಚಾರ. ಕೆಲಸದಿಂದ ಸಿಗುವುದನ್ನು ಅವರು ಮೂರಾಗಿ ವಿಂಗಡಿಸಿದರು. ಒಂದು ದುಡ್ಡು ಮತ್ತು ದುಡ್ಡಿನ ಲೆಕ್ಕದಲ್ಲಿ ಬರುವ ಸವಲತ್ತು. ಇನ್ನೊಂದು ಕೆಲಸದ ಒಳಗಿನ ಪ್ರಯೋಜನ, ಅಂದರೆ ಕಲಿಯುವ ಅವಕಾಶ, ಕೈಗೆ ಕೂಡಿಬರುವ ಪಳಗು. ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ನಾನು ಇಲ್ಲಿಯವನು, ನನ್ನ ಕೆಲಸಕ್ಕೆ ಬೆಲೆಯಿದೆ ಎಂಬ ಭಾವ. ಈ ಮೂರೂ ಸೇರಿ ಒಂದು ಸಂಸ್ಥೆಯ ಹೆಸರಿಗೆ ಅಂಟಿಕೊಂಡಾಗ ಅದು ಬ್ರ್ಯಾಂಡ್. ತೋಡಿನ ಈಚೆ ಮನೆಯ ಪೂರ್ತಿ ಕೂಲಿ, ಸೋಸಿಟ್ಟ ಸುಣ್ಣ, ಜಗಲಿಯ ತಿಂಡಿ ಇವನ್ನು ಆ ಮೂರರಲ್ಲಿ ಇಟ್ಟು ನೋಡಿದರೆ ಸಾಕು, ವ್ಯಾಖ್ಯೆ ತಾನೇ ತಿಳಿಯುತ್ತದೆ.

ಹೆಸರಿಗೆ ಇಷ್ಟು ಬಲ ಏಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ಉತ್ತರವಿದೆ. ಹಳೆಯ ಜೀಪು ಕೊಳ್ಳಲು ಹೋದವರಿಗೆ ಗೊತ್ತು, ಬಣ್ಣ ಕಾಣುತ್ತದೆ, ಗೇರ್‌ಬಾಕ್ಸಿನ ಒಳಗೇನಿದೆ ಎಂಬುದು ಮಾರುವವನಿಗೆ ಮಾತ್ರ ಗೊತ್ತು. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆ ಹಿಡಿದು ವಿವರಿಸಿದ್ದು ಇದನ್ನೇ. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಸರಕಿಗೂ ಬೆಲೆ ಸಿಗುವುದಿಲ್ಲ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಉದ್ಯೋಗದ ಮಾರುಕಟ್ಟೆಯನ್ನು ನೋಡಿ, ಇಂಥ ಕತ್ತಲೆಯಲ್ಲಿ ಜನ ಸೂಚನೆಗಳನ್ನು ಹುಡುಕುತ್ತಾರೆ ಎಂದು ತೋರಿಸಿದರು. ಇಬ್ಬರಿಗೂ ಜೋಸೆಫ್ ಸ್ಟಿಗ್ಲಿಟ್ಜ್ ಅವರ ಜೊತೆಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಸ್ಪೆನ್ಸ್ ಹೆಚ್ಚಾಗಿ ಬರೆದದ್ದು ಕೆಲಸ ಕೇಳುವವರು ತಮ್ಮ ಯೋಗ್ಯತೆಯನ್ನು ಹೇಗೆ ತೋರಿಸುತ್ತಾರೆ ಎಂಬ ಬಗ್ಗೆ. ಕನ್ನಡಿಯನ್ನು ತಿರುಗಿಸಿ ಹಿಡಿದರೆ ಕೆಲಸ ಕೊಡುವವರ ಮುಖವೂ ಅದರಲ್ಲಿ ಕಾಣುತ್ತದೆ. ಒಬ್ಬ ಹುಡುಗಿ ಹೊಸ ಅಂಗಡಿಗೆ ಸೇರುವಾಗ ಮಾಲೀಕರ ಸಿಟ್ಟು ಎಂಥದ್ದು, ಸಂಬಳ ಯಾವ ತಾರೀಖಿಗೆ ಬರುತ್ತದೆ, ಮುಟ್ಟಿನ ದಿನ ಕುಳಿತುಕೊಳ್ಳಲು ಜಾಗವಿದೆಯೇ ಎಂಬುದು ಅವಳಿಗೆ ಕಾಣುವುದಿಲ್ಲ. ಪೋಸ್ಟರು ಇದನ್ನು ಹೇಳುವುದಿಲ್ಲ, ಹೇಳಿದರೂ ಅವಳು ನಂಬುವುದಿಲ್ಲ. ಅವಳು ಅಲ್ಲಿ ಕೆಲಸ ಮಾಡಿ ಬಿಟ್ಟ ದೊಡ್ಡಮ್ಮನ ಮಗಳನ್ನು ಕೇಳುತ್ತಾಳೆ. ಕುಂಬಳೆಯಿಂದ ಮಂಗಳೂರಿಗೆ ಹೋಗುವ ಬೆಳಗಿನ ರೈಲಿನ ಮಹಿಳಾ ಬೋಗಿಯಲ್ಲಿ ಇಂಥ ಮಾತು ನಡೆಯದ ದಿನವಿಲ್ಲ. ನಗರದ ದೊಡ್ಡ ಕಂಪನಿಗಳಿಗೆ ಈ ಕೆಲಸವನ್ನು, ಕೆಲಸಗಾರರೇ ತಮ್ಮ ಕಂಪನಿಯ ಗುಣದೋಷ ಬರೆಯುವ ಗ್ಲಾಸ್‌ಡೋರ್‌ನಂಥ ಜಾಲತಾಣಗಳು ಮಾಡುತ್ತವೆ. ನಮ್ಮಲ್ಲಿ ರೈಲು, ಬಸ್ಸು, ಮದುವೆ ಮನೆಯ ಊಟದ ಸಾಲು ಮತ್ತು ವಾಟ್ಸ್‌ಆ್ಯಪ್ ಗುಂಪು.

ಜನ ಬಿಟ್ಟುಹೋದರೆ ಆಗುವ ನಷ್ಟ ಎಷ್ಟು? ಮಾಲೀಕರು ಇದನ್ನು ಲೆಕ್ಕಕ್ಕೆ ತರುವುದೇ ಇಲ್ಲ. ಅದಕ್ಕೊಂದು ಬಿಲ್ಲು ಬರುವುದಿಲ್ಲವಲ್ಲ. ನಾನು ಒಂದು ಬಟ್ಟೆ ಅಂಗಡಿಯವರಿಗೆ ಕಾಗದದ ಮೇಲೆ ಹಾಕಿ ತೋರಿಸಿದ ಲೆಕ್ಕ ಹೀಗಿತ್ತು. ತಿಂಗಳಿಗೆ 14,000 ರೂಪಾಯಿಯ ಸೇಲ್ಸ್‌ಗರ್ಲ್ ಒಬ್ಬಳು ಬಿಟ್ಟಳು ಎಂದುಕೊಳ್ಳಿ. ಹೊಸಬಳು ಬಂದ ಮೊದಲ ಎರಡು ತಿಂಗಳು ಅರ್ಧ ಕೆಲಸವನ್ನಷ್ಟೇ ಮಾಡಬಲ್ಲಳು. ಅಲ್ಲಿಗೆ 14,000 ಹೋಯಿತು. 18,000 ಸಂಬಳದ ಹಿರಿಯರೊಬ್ಬರು ದಿನಕ್ಕೆ ಒಂದು ಗಂಟೆಯಂತೆ 26 ದಿನ ಅವಳಿಗೆ ಕಲಿಸುತ್ತಾರೆ. ಅವರ ಒಂದು ಗಂಟೆಯ ಬೆಲೆ ಸುಮಾರು 86 ರೂಪಾಯಿ 50 ಪೈಸೆ, ಒಟ್ಟು 2,250. ಎರಡೂ ಸೇರಿ 16,250. ಜಾಹೀರಾತು, ತಪ್ಪಿದ ವ್ಯಾಪಾರ ಇದರಲ್ಲಿ ಇಲ್ಲ. ಬಿಟ್ಟವಳಿಗೆ ತಿಂಗಳಿಗೆ ಒಂದು ಸಾವಿರ ಹೆಚ್ಚು ಕೊಟ್ಟಿದ್ದರೆ ವರ್ಷಕ್ಕೆ 12,000 ಆಗುತ್ತಿತ್ತು. ಅವರು ಕಾಗದವನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು.

ಕಾಗದದಲ್ಲಿ ಬಾರದ ನಷ್ಟ ಇನ್ನೂ ದೊಡ್ಡದು. ಕಾಸರಗೋಡಿನ ಬಟ್ಟೆ ಅಂಗಡಿಗೆ ಮದುವೆಯ ಜವಳಿಗೆ ಬರುವವರಲ್ಲಿ ಒಬ್ಬರದು ತುಳು, ಒಬ್ಬರದು ಬ್ಯಾರಿ, ಒಬ್ಬರದು ಕೊಂಕಣಿ, ಇನ್ನೊಬ್ಬರದು ಮರಾಠಿ. ಮಲಯಾಳ ಮತ್ತು ಕನ್ನಡ ಹೇಗೂ ಇವೆ. ಹತ್ತು ವರ್ಷ ಆ ಕಟ್ಟೆಯ ಹಿಂದೆ ನಿಂತ ಹೆಂಗಸು ಗಿರಾಕಿ ಬಾಯಿ ತೆರೆಯುವ ಮೊದಲೇ ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ಅರಿಯುತ್ತಾಳೆ. ಅವಳು ಹೋದರೆ ಅಂಗಡಿಯಿಂದ ಆರು ಭಾಷೆ ಒಟ್ಟಿಗೆ ಎದ್ದು ಹೋದಂತೆ.

ಜಗತ್ತಿನಲ್ಲಿ ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಹಾಕಿ ತೋರಿಸಿದವರು ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಸುಮಾರು 14,000 ಜನರನ್ನು ಉಳಿಸಿಕೊಳ್ಳಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯಿತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇಕಡಾ 370. ಓಡುವ ಸಾಲಿನ ಮುಂದೆ ಒಂದೇ ತಿರುಪನ್ನು ದಿನವಿಡೀ ಬಿಗಿಯುವ ಕೆಲಸ ಜನರಿಗೆ ಬೇಡವಾಗಿತ್ತು. 1914ರ ಜನವರಿಯಲ್ಲಿ ಎಂಟು ಗಂಟೆಯ ದುಡಿಮೆಗೆ ಐದು ಡಾಲರ್ ಎಂದು ಘೋಷಿಸಿದರು, ಹಿಂದಿನ ಕೂಲಿಯ ಎರಡು ಪಟ್ಟಿಗೂ ಹೆಚ್ಚು. ಮರುದಿನಗಳಲ್ಲಿ ಗೇಟಿನ ಮುಂದೆ ಸಾವಿರಾರು ಜನ ನೆರೆದರು. 1915ರ ಹೊತ್ತಿಗೆ ಬಿಟ್ಟುಹೋಗುವವರ ಪ್ರಮಾಣ ಶೇಕಡಾ 16ಕ್ಕೆ ಇಳಿಯಿತು. ಈ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆ ಐದು ಡಾಲರ್ ಪೂರ್ತಿ ಸಿಗಬೇಕಾದರೆ ಕಂಪನಿಯ ತನಿಖಾಧಿಕಾರಿಗಳು ಮನೆಗೆ ಬಂದು ಕುಡಿತ, ಉಳಿತಾಯ, ಸಂಸಾರ ಎಲ್ಲವನ್ನೂ ಪರಿಶೀಲಿಸುತ್ತಿದ್ದರು. ಹೆಚ್ಚು ಸಂಬಳ ಕೊಟ್ಟು ಮಾನವನ್ನು ಒತ್ತೆ ಇಟ್ಟುಕೊಳ್ಳುವ ಈ ಬಗೆ ನಮ್ಮಲ್ಲೂ ಇದೆ. ಅದರಿಂದ ಹೆಸರು ಬರುತ್ತದೆ, ಆದರೆ ಒಳ್ಳೆಯ ಹೆಸರಲ್ಲ.

ನಮ್ಮ ದೇಶದಲ್ಲಿ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲೇ ಎಂಟು ಗಂಟೆಯ ದಿನವನ್ನು, 1920ರಲ್ಲಿ ಭವಿಷ್ಯ ನಿಧಿಯನ್ನು ಜಾರಿಗೆ ತಂದಿತು. ಭವಿಷ್ಯ ನಿಧಿಗೆ ಕಾನೂನು ಬಂದದ್ದು 1952ರಲ್ಲಿ. ಕಾನೂನು ಒತ್ತಾಯಿಸುವ ಮೊದಲು ಕೊಟ್ಟದ್ದಕ್ಕೆ ಜನರ ನೆನಪಿನಲ್ಲಿ ಬೇರೆಯೇ ತೂಕವಿರುತ್ತದೆ.

ಇದಕ್ಕೆ ಎದುರಾದ ಕಥೆ ನಮ್ಮ ನೆಲದಲ್ಲೇ ಇದೆ. ಬೀಡಿ ಮತ್ತು ಸಿಗಾರ್ ಕೆಲಸಗಾರರಿಗಾಗಿ 1966ರಲ್ಲಿ ಕೇಂದ್ರ ಕಾಯ್ದೆ ಬಂತು. ಕೇರಳ ಅದನ್ನು ಜಾರಿ ಮಾಡಿದಾಗ, 1968ರಲ್ಲಿ, ಕೆಲಸಗಾರರಿಗೆ ಸವಲತ್ತು ಕೊಡುವ ಬದಲು ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಜಿಲ್ಲೆಯ ತಮ್ಮ ಕೆಲಸವನ್ನೇ ನಿಲ್ಲಿಸಿದವು. ಕಾಸರಗೋಡು ಆಗ ಆ ಜಿಲ್ಲೆಯ ಭಾಗ. ಸಾವಿರಾರು ಮನೆಗಳ ಒಲೆ ತಣ್ಣಗಾಯಿತು. 1969ರಲ್ಲಿ ಸರ್ಕಾರದ ನೆರವಿನಿಂದ ಕೆಲಸಗಾರರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಅಲ್ಲಿ ಕಾನೂನಿನ ಸವಲತ್ತುಗಳು ಸಿಕ್ಕವು. ಮಲಬಾರಿನ ಬೀಡಿ ಶೆಡ್ಡುಗಳಲ್ಲಿ ಒಂದು ವಾಡಿಕೆಯಿತ್ತು. ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕಟ್ಟುತ್ತ ಕೇಳುವುದು. ಓದಿದವರ ಪಾಲಿನ ಬೀಡಿಯನ್ನು ಕೇಳಿದವರು ತಾವು ಕಟ್ಟಿದ್ದರಿಂದ ತುಂಬಿಕೊಡುವುದು. ಕೆಲಸದ ಜಾಗದಲ್ಲಿ ಮನಸ್ಸಿಗೆ ಸಿಗುವ ಪ್ರಯೋಜನ ಎಂದು ಆಂಬ್ಲರ್ ಮತ್ತು ಬ್ಯಾರೋ ಬರೆದದ್ದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಮುಂದೆ ಬೀಡಿಯ ಬೇಡಿಕೆ ಕುಸಿಯಿತು, ಒಳ್ಳೆಯ ಹೆಸರು ಅದನ್ನು ತಡೆಯಲಾರದೆ ಹೋಯಿತು. ಸಂಘ ತೆಂಗಿನ ಹಾಲು, ಕೊಡೆ, ಸಿದ್ಧ ಉಡುಪುಗಳ ಕಡೆ ತಿರುಗಿತು.

ಈಗ ನೀರ್ಚಾಲಿನ ಬಳಿಯ ಒಂದು ಹಾಳೆತಟ್ಟೆಯ ಘಟಕಕ್ಕೆ ಬನ್ನಿ. ಹನ್ನೆರಡು ಜನ, ಅದರಲ್ಲಿ ಒಂಬತ್ತು ಹೆಂಗಸರು. ತೊಟ್ಟಿಯಲ್ಲಿ ನೆನೆದ ಅಡಿಕೆ ಹಾಳೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು, ನೀರು ಸೋರಲು ನಿಲ್ಲಿಸಿ, ಬಿಸಿಯಾದ ಅಚ್ಚಿನ ಕೆಳಗೆ ಇಡುತ್ತಾರೆ. ಯಂತ್ರ ಇಳಿದು ಒತ್ತಿದಾಗ ಸುಯ್ಯೆಂದು ಹಬೆ ಏಳುತ್ತದೆ, ಜೊತೆಗೆ ಒದ್ದೆ ಸೌದೆ ಬಿಸಿಯಾದಂಥ ವಾಸನೆ. ಎತ್ತಿದರೆ ತಟ್ಟೆ. ಆಮೇಲೆ ಅಂಚು ಕತ್ತರಿಸಬೇಕು. ಅಚ್ಚಿನ ಅಂಚಿಗೆ ಬೆರಳು ತಾಗಿದರೆ ಗುಳ್ಳೆ ಏಳುತ್ತದೆ. ಮೊದಲ ತಿಂಗಳಲ್ಲಿ ಗುಳ್ಳೆ ಏಳದ ಕೈಯಿಲ್ಲ. ಘಟಕದ ಮಾಲೀಕರು ಮೊದಮೊದಲು ಕೆಲಸ ಕೇಳಿ ಬಂದವರಿಗೆಲ್ಲ "ನೆರಳಿನಲ್ಲಿ ಮಾಡುವ ಸುಲಭದ ಕೆಲಸ" ಎನ್ನುತ್ತಿದ್ದರು. ಬಂದವರು ಒಂದು ವಾರ, ಹತ್ತು ದಿನ ನೋಡಿ ನಿಲ್ಲುತ್ತಿದ್ದರು. ಜೂನ್ ಬಂದರೆ ಇನ್ನೊಂದು ತೊಂದರೆ. ಮಳೆಗಾಲದಲ್ಲಿ ಒಣ ಹಾಳೆ ಸಿಗುವುದಿಲ್ಲ, ದಾಸ್ತಾನು ತೀರಿದರೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಅದನ್ನೂ ಮೊದಲೇ ಹೇಳುತ್ತಿರಲಿಲ್ಲ.

ಈಗ ಅವರು ಮಾಡುವುದೇ ಬೇರೆ. ಕೆಲಸ ಕೇಳಿ ಬಂದವರನ್ನು ಒಂದು ಪೂರ್ತಿ ದಿನ ಯಂತ್ರದ ಬಳಿ ನಿಲ್ಲಿಸುತ್ತಾರೆ, ಆ ದಿನದ ಕೂಲಿ ಕೊಡುತ್ತಾರೆ. ವಿವರಿಸುವುದು ಮಾಲೀಕರಲ್ಲ, ಅಲ್ಲಿಯ ಹಿರಿಯ ಕೆಲಸಗಾರ್ತಿ. ಮಾಲೀಕರು ಆ ಹೊತ್ತಿಗೆ ಬೇಕೆಂದೇ ಹೊರಗೆ ಹೋಗುತ್ತಾರೆ. ಆಕೆ ತನ್ನ ಬೆರಳಿನ ಹಳೆಯ ಕಲೆ ತೋರಿಸಿ, ಮಳೆಗಾಲದಲ್ಲಿ ವಾರಕ್ಕೆ ಎಷ್ಟು ದಿನ ಕೆಲಸ ಇರುತ್ತದೆಂದು ಹೇಳಿ, ಸಂಬಳ ಯಾವತ್ತೂ ಐದನೇ ತಾರೀಖು ದಾಟಿಲ್ಲ ಎಂಬುದನ್ನೂ ಹೇಳುತ್ತಾಳೆ. ಕೆಲವರು ಅದೇ ಸಂಜೆ "ನನಗೆ ಆಗದು ಅಕ್ಕ" ಎಂದು ಹೋಗುತ್ತಾರೆ. ಉಳಿದವರು ನಿಲ್ಲುತ್ತಾರೆ. ಅಮೆರಿಕದ ಜಾನ್ ವೇನಸ್ 1970ರ ದಶಕದಲ್ಲಿ ಈ ಬಗ್ಗೆಯೇ ಅಧ್ಯಯನ ನಡೆಸಿದ್ದರು. ಸೇರುವ ಮೊದಲೇ ಕೆಲಸದ ಒಳ್ಳೆಯದನ್ನೂ ಕಷ್ಟವನ್ನೂ ಇದ್ದ ಹಾಗೆ ತಿಳಿಸಿದರೆ ಸೇರಿದವರ ನಿರೀಕ್ಷೆ ನೆಲದ ಮೇಲೆ ಇರುತ್ತದೆ, ಆಮೇಲೆ ಮೋಸ ಹೋದೆನೆಂಬ ಭಾವ ಬರುವುದಿಲ್ಲ. ಜನ ಹೋಗುವುದು ಹೆಚ್ಚಾಗಿ ಕಷ್ಟಕ್ಕಲ್ಲ, ಹೇಳದೆ ಬಂದ ಕಷ್ಟಕ್ಕೆ. ಸಂಸ್ಥೆಯ ಹೆಸರು ಕಟ್ಟಬೇಕೆನ್ನುವವರಿಗೆ ನಾನು ಹೇಳುವ ಮೊದಲ ಮಾತು ಇದು. ಹೊಗಳಿಕೆಗಿಂತ ಮೊದಲು ನಿಮ್ಮ ಗುಳ್ಳೆಯ ವಿಷಯ ಹೇಳಿ.

ಬಟ್ಟೆ ಅಂಗಡಿಯ ಗುಳ್ಳೆ ಕಾಲಿನಲ್ಲಿ ಇರುತ್ತದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗಬಾರದು ಎಂಬುದು ಎಷ್ಟೋ ಕಡೆ ನಿಯಮವಾಗಿತ್ತು. ಕೋಝಿಕ್ಕೋಡಿನಲ್ಲಿ ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಮುಂದೆ ನಿಂತು, ಪೆಣ್‌ಕೂಟ್ಟ್ ಎಂಬ ಸಂಘಟನೆಯ ಮೂಲಕ ಅಂಗಡಿ ಹೆಂಗಸರ ಈ ನೋವನ್ನು ಬೀದಿಗೆ ತಂದರು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾನೂನು ಬಂದ ಮೇಲೆ ನಮ್ಮ ಪೇಟೆಯ ಅಂಗಡಿಗಳಿಗೆ ಸ್ಟೂಲುಗಳು ಬಂದವು. ಆದರೆ ಒಂದು ಅಂಗಡಿಯಲ್ಲಿ ಅವು ಗೋದಾಮಿನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿ ನಿಂತದ್ದನ್ನು ನಾನೇ ನೋಡಿದ್ದೇನೆ. ಇನ್ನೊಂದರಲ್ಲಿ ಮಾಲೀಕರ ತಾಯಿ ಮಧ್ಯಾಹ್ನ ಬಂದು "ಕೂತುಕೊಳ್ಳಿ ಮಕ್ಕಳೇ" ಎಂದು ಹೇಳಿ, ಎಲ್ಲರೂ ಕೂರುವವರೆಗೆ ತಾನು ನಿಂತಿರುತ್ತಾರೆ. ಎರಡು ಅಂಗಡಿಗಳ ನಡುವೆ ಐವತ್ತು ಹೆಜ್ಜೆಯ ದೂರ. ಹೊಸದಾಗಿ ಕೆಲಸ ಹುಡುಕುವ ಹುಡುಗಿಯರು ಯಾವ ಮೆಟ್ಟಿಲನ್ನು ಮೊದಲು ಹತ್ತುತ್ತಾರೆಂದು ಬೇರೆ ಹೇಳಬೇಕಿಲ್ಲ.

ಗಡಿಯಲ್ಲಿ ಕೆಲಸ ಕೊಡುವವರಿಗೆ ಇನ್ನೊಂದು ವಿಷಯ ಬಹಳ ಮುಖ್ಯ. ಭಾಷೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಕೆಲಸದ ಬಾಗಿಲು ಅರ್ಧವಷ್ಟೇ ತೆರೆದಿದೆ. ಮಲಯಾಳದಲ್ಲಿ ಮಾತಾಡುತ್ತಾರೆ, ಬರೆಯುವಾಗ ತಡವರಿಸುತ್ತಾರೆ. ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಅಂಟಿಸಿದ "ಬೇಕಾಗಿದ್ದಾರೆ" ಚೀಟಿ ಅವರಿಗೆ ಹೇಳುವುದು ಒಂದೇ, ಈ ಜಾಗ ನಿನ್ನದಲ್ಲ. ಅದೇ ಚೀಟಿಯಲ್ಲಿ ಎರಡು ಸಾಲು ಕನ್ನಡವಿದ್ದರೆ ಕೆಲಸ ಅರಸುವವರ ಸಂಖ್ಯೆಯೇ ಬದಲಾಗುತ್ತದೆ. ನಾನು ಲೆಕ್ಕ ಬರೆಯುವ ಒಂದು ಕ್ಲಿನಿಕ್ಕಿನಲ್ಲಿ ನೇಮಕದ ಪತ್ರ, ರಜೆಯ ನಿಯಮ, ಸಂಬಳದ ಚೀಟಿ ಮೂರೂ ಮಲಯಾಳ ಮತ್ತು ಕನ್ನಡದಲ್ಲಿವೆ. ಖರ್ಚು ಒಂದು ದಿನದ ಟೈಪಿಂಗ್ ಅಷ್ಟೇ. ತನ್ನ ಸಂಬಳದಿಂದ ಯಾವುದಕ್ಕೆ ಎಷ್ಟು ಹಿಡಿದಿದ್ದಾರೆಂದು ತನ್ನ ಅಕ್ಷರದಲ್ಲಿ ಓದಿಕೊಳ್ಳುವವರು ಮಾಲೀಕರನ್ನು ಸುಮ್ಮನೆ ಸಂಶಯಿಸುವುದಿಲ್ಲ.

ಭಾಷೆ ಎಂದರೆ ಕರೆಯುವ ರೀತಿಯೂ ಹೌದು. ತುಳುವಿನಲ್ಲಿ ಈ ಮತ್ತು ಈರ್, ಕನ್ನಡದಲ್ಲಿ ನೀನು ಮತ್ತು ನೀವು, ಮಲಯಾಳದಲ್ಲಿ ನೀ ಮತ್ತು ನಿಙ್ಙಳ್. ಐವತ್ತು ವರ್ಷದ ಕೆಲಸಗಾರರನ್ನು ಇಪ್ಪತ್ತೈದರ ಮ್ಯಾನೇಜರ್ "ಈ" ಎಂದು ಕರೆದ ದಿನವೇ ಅವರು ಮನಸ್ಸಿನಲ್ಲಿ ರಾಜೀನಾಮೆ ಬರೆದಿರುತ್ತಾರೆ. ಕಾಗದದ ಮೇಲೆ ಅದು ಬರಲು ನಾಲ್ಕು ತಿಂಗಳು ಹಿಡಿಯಬಹುದು. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದು ನಮ್ಮ ಕೋರೆಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವವರನ್ನು ಹೆಸರು ಹಿಡಿದು ಕರೆಯದೆ ಎಲ್ಲರನ್ನೂ ಒಂದೇ "ಭಾಯಿ" ಮಾಡುವುದೂ ಇದೇ ತಪ್ಪು. ಅವರಿಗೂ ಊರಿದೆ, ಆ ಊರಿಗೂ ಫೋನು ಹೋಗುತ್ತದೆ.

ರಜೆಯ ವಿಷಯದಲ್ಲಿ ಒಂದು ಮಾತು. ಓಣಂ, ವಿಷು, ಪೆರುನಾಳ್ (ಈದ್), ದೀಪಾವಳಿಗೆ ರಜೆ ಎಲ್ಲರೂ ಕೊಡುತ್ತಾರೆ. ನಮ್ಮಲ್ಲಿ ಬಹುಪಾಲು ಜನರಿಗೆ ವರ್ಷದಲ್ಲಿ ತಪ್ಪಿಸಲಾಗದ ದಿನ ಎಂದರೆ ಕುಟುಂಬದ ದೈವದ ನೇಮ ಅಥವಾ ತರವಾಡಿನ, ಅಂದರೆ ಮೂಲಮನೆಯ, ಕಳಿಯಾಟವೆಂಬ ದೈವಾರಾಧನೆ. ಆ ದಿನ ಎಲ್ಲಿದ್ದರೂ ಬಂದು ಸೇರಬೇಕು. ಸೇರುವಾಗಲೇ "ನಿಮ್ಮ ಮನೆಯ ನೇಮ ಯಾವಾಗ" ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಮುದ್ರಣಾಲಯವೊಂದು ನನಗೆ ಗೊತ್ತು. ಅಲ್ಲಿಯವರು ಆ ದಿನಕ್ಕಾಗಿ ಜ್ವರದ ಸುಳ್ಳು ಹೇಳಬೇಕಾಗಿಲ್ಲ.

ಒಳ್ಳೆಯ ದಿನಗಳಲ್ಲಿ ಎಲ್ಲ ಸಂಸ್ಥೆಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕೇರಳ, ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಜೇಶ್ವರ, ಉಪ್ಪಳದಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದವರು ಒಂದೇ ರಾತ್ರಿಯಲ್ಲಿ ಈಚೆ ಸಿಕ್ಕಿಬಿದ್ದರು. ನನ್ನ ಅಕ್ಕನ ಮಗ ಅವರಲ್ಲೊಬ್ಬ. ಅವನ ಸಂಸ್ಥೆಯವರು ಅರ್ಧ ಸಂಬಳವನ್ನಷ್ಟೇ ಕೊಡಬಲ್ಲೆವು ಎಂದು ಮೊದಲೇ ಹೇಳಿದರು, ಹೇಳಿದಷ್ಟನ್ನು ತಪ್ಪದೆ ಕಳುಹಿಸಿದರು. ಮೇಲ್ವಿಚಾರಕರು ವಾರಕ್ಕೊಮ್ಮೆ ಫೋನು ಮಾಡಿ ತಾಯಿಗೆ ಔಷಧ ಸಿಕ್ಕಿತೇ ಎಂದು ಕೇಳುತ್ತಿದ್ದರು. ನೆರೆಮನೆಯ ಹುಡುಗಿಗೆ ಅವಳ ಸಂಸ್ಥೆಯಿಂದ ಒಂದು ಕರೆಯೂ ಬರಲಿಲ್ಲ. ದಾರಿ ತೆರೆದ ಮೇಲೆ ಹೋದರೆ ಅವಳ ಜಾಗದಲ್ಲಿ ಬೇರೊಬ್ಬರು ಕುಳಿತಿದ್ದರು. ಇಬ್ಬರೂ ಇಂದಿಗೂ ಈ ಕಥೆಯನ್ನು ಹೇಳುತ್ತಾರೆ, ಸಂಸ್ಥೆಗಳ ಹೆಸರು ಹಿಡಿದೇ ಹೇಳುತ್ತಾರೆ. ನಾನು ಇಲ್ಲಿ ಬರೆಯುವುದಿಲ್ಲ. ಊರಿಗೆ ಗೊತ್ತು.

ನನಗೂ ಅಂಥದೊಂದು ನೆನಪಿದೆ. ನನ್ನ ಮೊದಲ ಕೆಲಸ ಬಿಡುವಾಗ ಅನುಭವದ ಪ್ರಮಾಣಪತ್ರಕ್ಕಾಗಿ ಏಳು ಸಲ ಮೆಟ್ಟಿಲು ಹತ್ತಿದೆ. ಏಳನೆಯ ಸಲ ಅದನ್ನು ಮೇಜಿನ ಮೇಲೆ ಎಸೆದು ಕೊಟ್ಟರು. ಮೂರು ವರ್ಷ ಅಲ್ಲಿ ಕಲಿತದ್ದಕ್ಕೆ ನಾನು ಕೃತಜ್ಞಳೇ, ಆದರೆ ಆ ಕಚೇರಿಯ ಹೆಸರು ಬಂದಾಗ ಮೊದಲು ಕಣ್ಣಿಗೆ ಬರುವುದು ಮೇಜಿನ ಮೇಲೆ ಜಾರಿ ಬಂದ ಕಾಗದ. ಬಿಟ್ಟುಹೋಗುವವರನ್ನು ಹೇಗೆ ಕಳುಹಿಸಿಕೊಡುತ್ತೀರಿ ಎಂಬುದು ಬರುವವರನ್ನು ಹೇಗೆ ಸ್ವಾಗತಿಸುತ್ತೀರಿ ಎಂಬುದಕ್ಕಿಂತ ದೊಡ್ಡ ವಿಷಯ ಎಂದು ನಾನು ಅಂದಿನಿಂದ ನಂಬಿದ್ದೇನೆ. ಇಲ್ಲಿಂದ ದುಬೈಗೆ, ದೋಹಾಕ್ಕೆ ಹೋದವರಲ್ಲಿ ಎಷ್ಟೋ ಮಂದಿ ಕೆಲವು ವರ್ಷ ಕಳೆದು ಕೈಯಲ್ಲಿ ಹೊಸ ವಿದ್ಯೆ ಹಿಡಿದು ಮರಳುತ್ತಾರೆ. ಮುನಿಸಿನಿಂದ ಕಳುಹಿಸಿದವರ ಬಾಗಿಲಿಗೆ ಅವರು ಬರುವುದಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ ನನ್ನ ಉತ್ತರದಲ್ಲಿ ಪೋಸ್ಟರಿಗೆ ಕೊನೆಯ ಜಾಗ. ಕಳೆದ ಎರಡು ವರ್ಷದಲ್ಲಿ ಬಿಟ್ಟವರ ಪಟ್ಟಿ ಮಾಡಿ. ನೀವಲ್ಲದೆ ಅವರು ಗೌರವಿಸುವ ಬೇರೆ ಯಾರಾದರೂ ಅವರೊಡನೆ ಮಾತಾಡಲಿ. ಮೊದಲ ಮೂರು ತಿಂಗಳಲ್ಲೇ ಬಿಟ್ಟವರು ಹೆಚ್ಚಿದ್ದರೆ ನೀವು ಸೇರಿಸುವಾಗ ಹೇಳಿದ್ದರಲ್ಲಿ ಸುಳ್ಳಿದೆ. ಎರಡು ಮೂರು ವರ್ಷದ ಮೇಲೆ ಬಿಟ್ಟವರು ಹೆಚ್ಚಿದ್ದರೆ ಮುಂದೆ ಬೆಳೆಯುವ ದಾರಿ ಅವರಿಗೆ ಕಂಡಿಲ್ಲ. ಒಬ್ಬನೇ ಮೇಲ್ವಿಚಾರಕನ ಕೈಕೆಳಗಿನವರೇ ಹೋಗುತ್ತಿದ್ದರೆ ಉತ್ತರ ನಿಮ್ಮ ಕಣ್ಣೆದುರೇ ಕುಳಿತಿದೆ. ಹತ್ತು ಅಥವಾ ಹೆಚ್ಚು ಜನರಿದ್ದು ಸಂಬಳ 21,000ದ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಕೊಡುವುದು, ಇಪ್ಪತ್ತು ಅಥವಾ ಹೆಚ್ಚು ಜನರಿದ್ದರೆ ಭವಿಷ್ಯ ನಿಧಿಗೆ ತುಂಬುವುದು ಇವೆಲ್ಲ ಕಾನೂನಿನ ಮಾತು. ಅದನ್ನು ಮಾಡದೆ ಬ್ರ್ಯಾಂಡಿನ ಮಾತಾಡುವುದು ಅಡಿಪಾಯವಿಲ್ಲದೆ ಗೋಡೆಗೆ ಬಣ್ಣ ಬಳಿದಂತೆ.

ಹಾಳೆತಟ್ಟೆಯ ಘಟಕದಲ್ಲಿ ಬೆರಳಿನ ಕಲೆ ತೋರಿಸುತ್ತಿದ್ದರಲ್ಲ, ಆ ಅಕ್ಕ ಮೊಣಕಾಲು ನೋವಿನಿಂದ ಕಳೆದ ವರ್ಷ ಕೆಲಸ ಬಿಟ್ಟರು. ಹನ್ನೊಂದು ವರ್ಷ ದುಡಿದಿದ್ದರು. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಐದು ವರ್ಷ ಪೂರೈಸಿದ ಕಾಯಂ ಕೆಲಸಗಾರರಿಗೆ ಗ್ರ್ಯಾಚ್ಯುಟಿ ಕೊಡಬೇಕು, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ. ಅವರಿಗೆ ಆ ಪದವೇ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಮಾಲೀಕರು ನನ್ನನ್ನು ಕರೆದು, ಲೆಕ್ಕವನ್ನು ಕನ್ನಡದಲ್ಲಿ ಹಂತಹಂತವಾಗಿ ಬರೆದುಕೊಡಿ, ಅವರು ಮನೆಗೆ ಒಯ್ದು ಮಗನಿಗೆ ತೋರಿಸಿ ನೋಡಲಿ ಎಂದರು. ಬರೆದುಕೊಟ್ಟೆ. ಕೊನೆಯ ಸಂಬಳ 13,000. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಹನ್ನೊಂದು ವರ್ಷಕ್ಕೆ 82,500.

ಮರುದಿನ ಅವರು ಕಾಗದ ಹಿಡಿದು ಬಂದರು, ಜೊತೆಗೆ ತಂಗಿಯ ಮಗಳು. ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದನಂತೆ, ಮೊತ್ತ ಸರಿಯಿದೆಯಂತೆ. ಆದರೆ ಒಂದು ಸಂಶಯ. "ತಿಂಗಳಿಗೆ ಮೂವತ್ತು ದಿನ ಅಲ್ಲವೇ, ನೀವು ಇಪ್ಪತ್ತಾರು ಬರೆದಿದ್ದೀರಿ. ನನಗೆ ಹೆಚ್ಚು ಬಂದಿದೆಯೋ ಏನೋ" ಎಂದರು. ನಾಲ್ಕು ಭಾನುವಾರ ಕಳೆದು ಲೆಕ್ಕ ಹಾಕಬೇಕೆಂದು ಕಾನೂನೇ ಹೇಳುತ್ತದೆ, ಹೆಚ್ಚು ಬಂದದ್ದಲ್ಲ, ನಿಮ್ಮದೇ ಹಣ ಎಂದು ನಾನು ವಿವರಿಸುತ್ತಿದ್ದಾಗ ಹುಡುಗಿ ತೊಟ್ಟಿಯ ಬಳಿ ಹೋಗಿ, ಹಾಳೆ ತಿಕ್ಕುವುದನ್ನು ನೋಡುತ್ತ ನಿಂತಿದ್ದಳು.